ಕೆಂಗೇರಿ ಉಪನಗರ: ಸಂಸಾರದ ಮನೆಗೆ ಎಷ್ಟು ಯೋಗ್ಯ?

ಬೆಂಗಳೂರಿನ ಅಂಚಿನಲ್ಲಿ ಇಂದು ಯಾವ ದಿಕ್ಕಿಗೆ ಹೋದರೂ ಮನೆ ಮಾರುವವರ ಮಾತು ಒಂದೇ: ಮೆಟ್ರೊ ಬರುತ್ತದೆ, ಕಾವೇರಿ ನೀರು ಬರುತ್ತದೆ, ರಸ್ತೆ ಅಗಲವಾಗುತ್ತದೆ. ಕೆಂಗೇರಿ ಉಪನಗರದಲ್ಲಿ ಈ ಮೂರೂ ಬಂದಾಗಿದೆ. ಮಿತವಾದ ಸಂಬಳ, ಓದುವ ಮಕ್ಕಳು, ವಯಸ್ಸಾದ ತಂದೆತಾಯಿ ಇರುವ ಸಂಸಾರಕ್ಕೆ ನಾನು ಈ ಬಡಾವಣೆಯನ್ನು ಸೂಚಿಸುವುದಕ್ಕೆ ಇದೇ ಮುಖ್ಯ ಕಾರಣ. ಇಲ್ಲಿ ಮೊದಲು ಬಾಡಿಗೆಗಿದ್ದು ಅನಂತರ ಇಲ್ಲಿಯೇ ಮನೆ ಕೊಂಡವನಾದ್ದರಿಂದ, ಈ ಜಾಗದ ಗುಣವನ್ನೂ ದೋಷವನ್ನೂ ಕೊಳ್ಳುವವರ ದೃಷ್ಟಿಯಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕೆಂದು ತೋರಿತು.

ಮೊದಲಿಗೆ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು. ಕೆಂಗೇರಿ ಎಂಬುದು ಮೈಸೂರು ರಸ್ತೆಯ ಮೇಲಿನ ಹಳೆಯ ಊರು. 2007ರಲ್ಲಿ ಏಳು ನಗರಸಭೆಗಳು ಮತ್ತು ಸುಮಾರು 110 ಹಳ್ಳಿಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದಾಗ ಅವುಗಳ ಜೊತೆ ಸೇರಿದ ಒಂದೇ ಒಂದು ಪುರಸಭೆ ಕೆಂಗೇರಿಯದು. ಕೆಂಗೇರಿ ಉಪನಗರವಾದರೋ ಆ ಊರಿನ ಮಗ್ಗುಲಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಕ್ಷೆ ಹಾಕಿ, ರಸ್ತೆ ಬಿಟ್ಟು, ಉದ್ಯಾನಕ್ಕೆ ಜಾಗ ಮೀಸಲಿಟ್ಟು ರೂಪಿಸಿದ ಬಡಾವಣೆ. ಇವೆರಡರ ಸುತ್ತ ಹಳ್ಳಿಯ ಹೊಲಗಳನ್ನು ತುಂಡು ಮಾಡಿ ಮಾರಿದ ಖಾಸಗಿ ಬಡಾವಣೆಗಳು, ಕಂದಾಯ ನಿವೇಶನಗಳು ಹತ್ತಾರು ಇವೆ. ಜಾಹೀರಾತಿನಲ್ಲಿ ಇವೆಲ್ಲವೂ ‘ಕೆಂಗೇರಿ’ಯೇ ಆಗಿರುತ್ತವೆ. ಈ ಬರಹದಲ್ಲಿ ನಾನು ಹೊಗಳುವುದು ಉಪನಗರವನ್ನು ಮಾತ್ರ. ಅದರ ಹೆಸರನ್ನು ಹೇಳಿಕೊಂಡು ಮೂರು ನಾಲ್ಕು ಕಿಲೋಮೀಟರು ಆಚೆ ಮಾರಾಟವಾಗುವ ಎಲ್ಲ ಸೈಟುಗಳನ್ನಲ್ಲ.

ಸಂಚಾರದ ವಿಷಯದಲ್ಲಿ ಉಪನಗರದ ಅನುಕೂಲ ನಿಜಕ್ಕೂ ದೊಡ್ಡದು. ನೇರಳೆ ಮಾರ್ಗದ ಮೆಟ್ರೊ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ 2021ರ ಆಗಸ್ಟ್‌ನಲ್ಲಿ ಬಂತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಮುಂದುವರಿದು, ಆ ಕಡೆ ವೈಟ್‌ಫೀಲ್ಡ್‌ವರೆಗೆ ಒಂದೇ ಗಾಡಿಯಲ್ಲಿ ಹೋಗುವಂತಾಯಿತು. ಮೆಜೆಸ್ಟಿಕ್, ವಿಧಾನಸೌಧ, ಎಂ.ಜಿ. ರಸ್ತೆಯ ಕಡೆ ಕೆಲಸ ಮಾಡುವವರಿಗೆ ಇದರಿಂದ ದಿನಚರಿಯೇ ಬದಲಾಗಿದೆ: ಮೈಸೂರು ರಸ್ತೆಯ ವಾಹನ ದಟ್ಟಣೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಲಾಗದ ದಾರಿ ಈಗ ಗಡಿಯಾರ ನೋಡಿ ಹೊರಡಬಹುದಾದ ದಾರಿಯಾಗಿದೆ. ಮೆಟ್ರೊ ದರ 2025ರ ಫೆಬ್ರುವರಿಯಲ್ಲಿ ಏರಿ, 25 ಕಿಲೋಮೀಟರಿಗೆ ಮೇಲ್ಪಟ್ಟ ಪ್ರಯಾಣಕ್ಕೆ 90 ರೂಪಾಯಿ ಆಯಿತು. ಮನೆಯಲ್ಲಿ ಇಬ್ಬರು ದುಡಿಯುವವರು, ಒಬ್ಬರು ಕಾಲೇಜಿಗೆ ಹೋಗುವವರು ಇದ್ದರೆ ತಿಂಗಳ ಖರ್ಚಿನಲ್ಲಿ ಇದು ಸಣ್ಣ ಬಾಬತ್ತೇನಲ್ಲ. ಕಂತಿನ ಲೆಕ್ಕ ಹಾಕುವಾಗಲೇ ಇದನ್ನೂ ಸೇರಿಸಿಕೊಳ್ಳಬೇಕು.

ಮೆಟ್ರೊ ಇದೆಯೆಂದು ಎಲ್ಲ ದಿಕ್ಕೂ ಹತ್ತಿರವಾಯಿತೆಂದಲ್ಲ. ವೈಟ್‌ಫೀಲ್ಡ್ ಕಡೆ ದಿನವೂ ಕಚೇರಿಗೆ ಹೋಗಬೇಕಾದವರಿಗೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ 40 ಕಿಲೋಮೀಟರಿಗೂ ಹೆಚ್ಚು ದೂರವಾಗುತ್ತದೆ. ಕೂತೇ ಹೋದರೂ ಹೋಗಿಬರುವುದರಲ್ಲಿ ಮೂರು ಗಂಟೆ ಹಿಡಿಯುತ್ತದೆ. ಅಂಥವರು ಇಲ್ಲಿ ಮನೆ ಕೊಳ್ಳಬಾರದೆಂದೇ ನನ್ನ ಅಭಿಪ್ರಾಯ. ಎಲೆಕ್ಟ್ರಾನಿಕ್ ಸಿಟಿಗೆ ನೈಸ್ ರಸ್ತೆಯಲ್ಲಿ ಸಿಗ್ನಲ್ಲುಗಳ ಕಾಟವಿಲ್ಲದೆ ಹೋಗಬಹುದು, ಆದರೆ ಆ ರಸ್ತೆಯ ಸುಂಕ ಪ್ರತಿದಿನ ಎರಡು ಬಾರಿ ತೆರಬೇಕಾದಾಗ ಹೊರೆಯಾಗುತ್ತದೆ. ವಿಮಾನ ನಿಲ್ದಾಣ ನಗರದ ಇನ್ನೊಂದು ತುದಿ. ತಿಂಗಳಲ್ಲಿ ನಾಲ್ಕಾರು ಸಲ ವಿಮಾನ ಹತ್ತುವ ಕೆಲಸದವರಿಗೆ, ಕರ್ನಾಟಕ ಗೃಹ ಮಂಡಳಿ ಕಟ್ಟಿದ ಯಲಹಂಕ ಉಪನಗರ ಇದೇ ಗುಣದ, ಇದಕ್ಕಿಂತ ಸೂಕ್ತವಾದ ಆಯ್ಕೆ.

ಮಂಡ್ಯ, ಮದ್ದೂರು, ಚನ್ನಪಟ್ಟಣ, ಮೈಸೂರುಗಳಲ್ಲಿ ಹುಟ್ಟೂರು, ಜಮೀನು, ಹಿರಿಯರು ಇರುವ ಕುಟುಂಬಗಳಿಗೆ ಮಾತ್ರ ಕೆಂಗೇರಿಗೆ ಸಮನಾದ ಜಾಗ ಬೆಂಗಳೂರಿನಲ್ಲಿ ಇನ್ನೊಂದಿಲ್ಲ. ಕೆಂಗೇರಿ ರೈಲು ನಿಲ್ದಾಣ ಜೋಡಿ ಹಳಿಯ ಬೆಂಗಳೂರು–ಮೈಸೂರು ಮಾರ್ಗದಲ್ಲಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಇಲ್ಲಿಂದಲೇ ಆರಂಭವಾಗುತ್ತದೆ. ಆ ವರ್ಷದ ಆಗಸ್ಟ್‌ನಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲವಾದ್ದರಿಂದ ಬೈಕಿನವರು ಸೇವಾ ರಸ್ತೆಯನ್ನೇ ಹಿಡಿಯಬೇಕು. ಈ ಹೆದ್ದಾರಿಯಿಂದ ನಮಗಾದ ತೊಂದರೆಯೂ ಇದೆ. ಭಾನುವಾರ ಸಂಜೆ ಮೈಸೂರಿನಿಂದ ಮರಳುವ ಕಾರುಗಳೆಲ್ಲ ಕೆಂಗೇರಿಯ ಬಾಯಲ್ಲಿ ಬಂದು ಒತ್ತುತ್ತವೆ. ಆ ಹೊತ್ತಿನಲ್ಲಿ ಮನೆಯಿಂದ ಮೈಸೂರು ರಸ್ತೆಗೆ ಕಾರು ತರುವುದು ಯಾರಿಗೂ ಬೇಡ.

ನೀರಿನ ವಿಷಯಕ್ಕೆ ಬಂದರೆ, ಮನೆ ನೋಡುವವರು ಅಡುಗೆಮನೆಯ ಕಪಾಟುಗಳಿಗೆ ಕೊಡುವ ಗಮನದ ಅರ್ಧದಷ್ಟನ್ನೂ ಇದಕ್ಕೆ ಕೊಡದಿರುವುದು ನನಗೆ ಸದಾ ಆಶ್ಚರ್ಯ. 2024ರ ಬೇಸಿಗೆಯಲ್ಲಿ ನಗರದ ಹೊರವಲಯದ ಕೊಳವೆಬಾವಿಗಳು ಒಂದಾದ ಮೇಲೊಂದು ಬತ್ತಿ, ಟ್ಯಾಂಕರ್ ನೀರಿಗೆ ಹೇಳಿದಷ್ಟು ಹಣ ಕೊಡಬೇಕಾಗಿ ಬಂದಾಗ, ಜಲಮಂಡಳಿಯ ಸಂಪರ್ಕವಿದ್ದ ಮನೆಗೂ ಇಲ್ಲದ ಮನೆಗೂ ಇರುವ ಅಂತರ ಎಲ್ಲರಿಗೂ ತಿಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 775 ದಶಲಕ್ಷ ಲೀಟರ್ ನೀರು ಹೆಚ್ಚುವರಿಯಾಗಿ ತರುವ ವ್ಯವಸ್ಥೆಯಾಯಿತು. ಇದು ಮುಖ್ಯವಾಗಿ ಪಾಲಿಕೆಗೆ ಸೇರಿದ ಆ 110 ಹಳ್ಳಿಗಳಿಗಾಗಿ ರೂಪಿಸಿದ ಯೋಜನೆ. ಆದರೆ ಯೋಜನೆಯ ನೀರು ಹಳ್ಳಿಯವರೆಗೆ ಬರುವುದೇ ಬೇರೆ, ನೀವು ಕೊಳ್ಳುವ ಮನೆಯ ಸಂಪಿನೊಳಗೆ ಬೀಳುವುದೇ ಬೇರೆ. ಉಪನಗರದ ಒಳಗೆ ಕಾವೇರಿ ಕೊಳವೆ ಹಳೆಯದು, ನೀರು ಬರುವುದು ವಾಡಿಕೆಯಾಗಿ ದಿನ ಬಿಟ್ಟು ದಿನ.

ಮನೆ ನೋಡಲು ಹೋದಾಗ ನಾನು ಅನುಸರಿಸಿದ ಕ್ರಮ ಹೀಗಿತ್ತು: ಮುಂಬಾಗಿಲ ಬಳಿಯ ಸಂಪಿನ ಮುಚ್ಚಳ ತೆಗೆಸುವುದು, ಎಷ್ಟು ಕೊಳವೆಗಳು ಒಳಗೆ ಬರುತ್ತಿವೆ ಎಂದು ನೋಡುವುದು, ಅವುಗಳಲ್ಲಿ ಯಾವುದು ಮೀಟರಿನಿಂದ ಬಂದದ್ದು, ಯಾವುದು ಬೋರ್‌ವೆಲ್ಲಿನದು ಎಂದು ಕೇಳುವುದು, ಕೊನೆಗೆ ಹಿಂದಿನ ಕೆಲವು ತಿಂಗಳ ನೀರಿನ ಬಿಲ್ಲು ಕೇಳುವುದು. ಬಿಲ್ಲಿನಲ್ಲಿ ಬಳಕೆಯ ಅಂಕಿ ಪ್ರತಿ ತಿಂಗಳೂ ಕನಿಷ್ಠ ಶುಲ್ಕದ ಮಟ್ಟದಲ್ಲೇ ಇದ್ದರೆ ಆ ಮನೆಗೆ ಕಾವೇರಿ ಹೆಸರಿಗೆ ಮಾತ್ರ ಬರುತ್ತಿದೆ ಎಂದು ತಿಳಿಯಬೇಕು. ಬೀದಿಯಲ್ಲಿ ವಾಲ್ವ್ ತಿರುಗಿಸಿ ನೀರು ಬಿಡುವ ಸಿಬ್ಬಂದಿಯನ್ನು ಒಮ್ಮೆ ಮಾತನಾಡಿಸುವುದು ಇನ್ನೂ ಒಳ್ಳೆಯದು. ಯಾವ ಅಡ್ಡರಸ್ತೆಯ ತುದಿಗೆ ಒತ್ತಡ ಸಾಲುವುದಿಲ್ಲ ಎಂಬುದನ್ನು ಅವರು ಮನೆ ಮನೆ ಲೆಕ್ಕದಲ್ಲಿ ಹೇಳಬಲ್ಲರು.

ಇನ್ನು ಕೆಂಗೇರಿಯ ದೊಡ್ಡ ದೋಷ. ವೃಷಭಾವತಿ ಒಂದು ಕಾಲದ ಹೊಳೆ, ಇಂದು ನಗರದ ಪಶ್ಚಿಮ ಭಾಗದ ಒಳಚರಂಡಿ ನೀರನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಮೈಸೂರು ರಸ್ತೆಯ ಬದಿಯಲ್ಲಿ ಹರಿದು, ಕೆಂಗೇರಿಯನ್ನು ದಾಟಿ ಬೈರಮಂಗಲದ ಕಡೆ ಹೋಗುವ ನಾಲೆ. ಅದರ ನಾತ ಕೆಲವು ಹೊತ್ತಿನಲ್ಲಿ ರಸ್ತೆ ದಾಟಿ ಒಳಗೂ ಬರುತ್ತದೆ. ಉಪನಗರದ ಒಳಬೀದಿಗಳಲ್ಲಿ ಇದರ ಬಾಧೆ ಕಡಿಮೆ. ಮೈಸೂರು ರಸ್ತೆಗೆ ಹತ್ತಿರವಾದಷ್ಟೂ ಹೆಚ್ಚು. ಹಗಲು ಹನ್ನೊಂದು ಗಂಟೆಗೆ ಕರೆದುಕೊಂಡು ಹೋಗಿ ಮನೆ ತೋರಿಸುವವರಿರುತ್ತಾರೆ. ಆ ಹೊತ್ತಿಗೆ ಗಾಳಿ ಬಿಸಿಯಾಗಿ ಮೇಲೇರಿರುತ್ತದೆ, ಏನೂ ತಿಳಿಯುವುದಿಲ್ಲ. ಬೆಳಗಿನ ಜಾವ ಮತ್ತು ಸೂರ್ಯ ಮುಳುಗಿದ ಮೇಲೆ ಒಮ್ಮೊಮ್ಮೆ ಹೋಗಿ, ಕಿಟಕಿ ತೆರೆದು ಹತ್ತು ನಿಮಿಷ ನಿಂತು ನೋಡಬೇಕು. ಆಸ್ತಮಾ ಇರುವ ಮಕ್ಕಳೋ ಹಿರಿಯರೋ ಮನೆಯಲ್ಲಿದ್ದರೆ, ನಾಲೆಯ ಸಮೀಪದ ಮನೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡವೆನ್ನುವುದೇ ಸರಿ.

ನಾತಕ್ಕಿಂತಲೂ ಮುಖ್ಯವಾದದ್ದು ಮಳೆ ನೀರಿನ ಪ್ರಶ್ನೆ. 2025ರ ಮೇ 18ರ ರಾತ್ರಿಯ ಮಳೆಯಲ್ಲಿ ಇಡೀ ಬೆಂಗಳೂರಿನಲ್ಲೇ ಅತಿ ಹೆಚ್ಚು, ಅಂದರೆ 132 ಮಿಲಿಮೀಟರ್ ದಾಖಲಾದದ್ದು ಕೆಂಗೇರಿಯಲ್ಲಿ. ಅಂಥ ಮಳೆ ಬಿದ್ದಾಗ ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗುತ್ತದೆ, ಎತ್ತರದ ಬೀದಿಗಳಲ್ಲಿ ಚರಂಡಿ ತುಂಬಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಬೇಸಿಗೆಯಲ್ಲಿ ಮನೆ ನೋಡುವವರಿಗೂ ಇದರ ಕುರುಹು ಸಿಗುತ್ತದೆ. ಕಾಂಪೌಂಡ್ ಗೋಡೆಯ ಮೇಲೆ ಮೊಣಕಾಲೆತ್ತರದಲ್ಲಿ ಉದ್ದಕ್ಕೂ ಕಂದು ಗೆರೆ ಇದೆಯೇ, ಅಕ್ಕಪಕ್ಕದವರು ಗೇಟಿನ ಬುಡಕ್ಕೆ ಕಬ್ಬಿಣದ ತಗಡು ಕೂರಿಸಿದ್ದಾರೆಯೇ, ಹೊಸ್ತಿಲ ಮುಂದೆ ಆಮೇಲೆ ಕಟ್ಟಿದ ಸಿಮೆಂಟಿನ ದಿಂಡು ಇದೆಯೇ, ನೀರಿನ ಪಂಪನ್ನು ನೆಲದಿಂದ ಎತ್ತಿ ಅಟ್ಟಣೆಯ ಮೇಲೆ ಇಟ್ಟಿದ್ದಾರೆಯೇ ಎಂದು ನೋಡಿದರೆ ಆ ಬೀದಿಯ ಮಳೆಗಾಲದ ಚರಿತ್ರೆ ತಿಳಿದುಬಿಡುತ್ತದೆ. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಗೆರೆ ಕಾಣಿಸದು, ಪಕ್ಕದ ಮನೆಯ ಗೋಡೆಯಲ್ಲಿ ಕಾಣಿಸುತ್ತದೆ. ಜೊತೆಗೆ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದಲ್ಲಿ ನಿಂತು ಸರ್ವೆ ನಂಬರನ್ನೂ ಹತ್ತಿರದ ರಾಜಕಾಲುವೆಯನ್ನೂ (ಮಳೆನೀರು ಹರಿಯುವ ಕಾಲುವೆ) ನೋಡಬಹುದು. 2015ರ ಮಾಸ್ಟರ್ ಪ್ಲಾನ್ ಪ್ರಕಾರ ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ಎರಡನೇ ದರ್ಜೆಯದಕ್ಕೆ 25 ಮೀಟರ್, ಮೂರನೇ ದರ್ಜೆಯದಕ್ಕೆ 15 ಮೀಟರ್ ಬಫರ್ ವಲಯ, ಎಂದರೆ ಕಟ್ಟಡವಿಲ್ಲದ ಖಾಲಿ ಜಾಗ, ಬಿಡಬೇಕು. ಆ ಮಿತಿಯೊಳಗಿನ ಮನೆಯನ್ನು ಕೊಂಡರೆ ಮುಂದೊಂದು ದಿನ ನೋಟಿಸು ಬರುವುದು ಮಾರಿದವರಿಗಲ್ಲ, ಕೊಂಡವರಿಗೆ.

ದಾಖಲೆಗಳ ವಿಷಯದಲ್ಲಿ ಉಪನಗರದ ಮನೆಗಳು ನೆಮ್ಮದಿ ಕೊಡುತ್ತವೆ. ಪ್ರಾಧಿಕಾರ ನಿವೇಶನ ಹಂಚುವಾಗ ಮೊದಲು ಗುತ್ತಿಗೆ ಸಹಿತ ಮಾರಾಟ ಕರಾರು ಮಾಡಿಕೊಟ್ಟು, ನಿಗದಿತ ಅವಧಿ ಮತ್ತು ಷರತ್ತುಗಳು ಮುಗಿದ ಮೇಲೆ ಶುದ್ಧ ಕ್ರಯಪತ್ರ ಮಾಡಿಕೊಡುತ್ತದೆ. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಶುದ್ಧ ಕ್ರಯಪತ್ರ, ಆಮೇಲೆ ಕೈ ಬದಲಾಗಿದ್ದರೆ ಆ ಕ್ರಯಪತ್ರಗಳು: ಈ ಸರಪಳಿ ಸಣ್ಣದು, ಓದಲು ಸುಲಭ. ಹೊಲ ಒಡೆದು ಮಾಡಿದ ಬಡಾವಣೆಯಲ್ಲಾದರೆ ಮೂಲ ರೈತ ಕುಟುಂಬದ ವಂಶವೃಕ್ಷ, ವಿಭಾಗಪತ್ರ, ಹೆಣ್ಣುಮಕ್ಕಳ ಹಕ್ಕು, ಭೂ ಪರಿವರ್ತನೆಯ ಆದೇಶ, ಬಡಾವಣೆ ನಕ್ಷೆಯ ಅನುಮೋದನೆ ಇವೆಲ್ಲವನ್ನೂ ಬಿಡಿಸಿ ನೋಡಬೇಕಾಗುತ್ತದೆ; ಒಂದೆಡೆ ಕೊಂಡಿ ತಪ್ಪಿದರೂ ವ್ಯಾಜ್ಯ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು.

ಒಬ್ಬ ಮಧ್ಯವರ್ತಿ ನಮಗೆ ‘ಮೆಟ್ರೊಗೆ ಐದು ನಿಮಿಷ’ ಎಂದು ತೋರಿಸಿದ ಹೊಸ ಮನೆ ನೋಡಲು ಬಹಳ ಅಂದವಾಗಿತ್ತು. ಪಾಲಿಕೆಯ ಆಸ್ತಿ ದಾಖಲೆಯಾದ ಖಾತಾ ಕೇಳಿದಾಗ ಬಿ-ಖಾತಾ ಎಂದು ತಿಳಿಯಿತು; ಬೇಗ ಎ-ಖಾತಾ, ಎಂದರೆ ಸಕ್ರಮ ಆಸ್ತಿಯ ಖಾತಾ, ಆಗುತ್ತದೆ ಎಂಬ ಭರವಸೆಯೂ ಜೊತೆಗೆ ಬಂತು. ಮನೆಯವರಿಗೆಲ್ಲ ಆ ಮನೆ ಹಿಡಿಸಿತ್ತಾದರೂ ನಾವು ಮುಂದುವರಿಯಲಿಲ್ಲ, ಏಕೆಂದರೆ ಬಿ-ಖಾತಾ ಎಂದರೆ ತೆರಿಗೆ ಕಟ್ಟಿಸಿಕೊಳ್ಳಲು ಮಾಡಿಕೊಂಡ ವಹಿ ಮಾತ್ರ. ಅದರ ಬಲದಿಂದ ಕಟ್ಟಡದ ಪರವಾನಗಿ ಸಿಗುವುದಿಲ್ಲ, ಅನೇಕ ಬ್ಯಾಂಕುಗಳು ಸಾಲವನ್ನೂ ಕೊಡುವುದಿಲ್ಲ. ನಿಯಮಗಳು ಸಡಿಲವಾಗಬಹುದು, ಆಗದಿರಬಹುದು. ಆಗುವುದನ್ನು ನಂಬಿ ಪೂರ್ತಿ ಬೆಲೆ ಕೊಡುವುದು ಸಂಸಾರಸ್ಥರ ಕೆಲಸವಲ್ಲ. ಹಾಗೆಯೇ ಕ್ರಯಪತ್ರದ ಬದಲು ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ಮಾರುತ್ತೇವೆ ಎನ್ನುವವರಿಂದ ದೂರವಿರಬೇಕು. ಅಂಥ ವಹಿವಾಟಿನಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟಪಡಿಸಿದೆ.

ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದ (ಇಸಿ) ಬಗ್ಗೆ ಒಂದು ಮಾತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ಪಡೆಯಬಹುದಾದ ಇಸಿ 2004ರ ಏಪ್ರಿಲ್‌ನಿಂದ ಈಚಿನ ವ್ಯವಹಾರಗಳದ್ದು. ಉಪನಗರದ ಅನೇಕ ನಿವೇಶನಗಳು ಅದಕ್ಕಿಂತ ಹಳೆಯವಾದ್ದರಿಂದ ಹಿಂದಿನ ಅವಧಿಗೆ ಉಪ ನೋಂದಣಾಧಿಕಾರಿಗಳ ಕಚೇರಿಯಿಂದ ಕೈಬರಹದ ವಹಿ ನೋಡಿಸಿ ಬೇರೆಯಾಗಿ ಪಡೆಯಬೇಕು. ಇದನ್ನು ಬೇಸರಪಡದೆ ಮಾಡಿಸಿ. ಕ್ರಯಪತ್ರದ ಕೊನೆಯಲ್ಲಿರುವ ಚೆಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ಮನೆಯ ಸುತ್ತ ನಡೆದು, ಪೂರ್ವಕ್ಕೆ ಹೇಳಿದ ಸೈಟು ಪೂರ್ವದಲ್ಲೇ ಇದೆಯೇ, ಉತ್ತರಕ್ಕೆ ಹೇಳಿದ ರಸ್ತೆ ಅಷ್ಟೇ ಅಗಲವಿದೆಯೇ ಎಂದು ಟೇಪು ಹಿಡಿದು ಅಳೆಯಿರಿ. ಮೂಲೆಯ ನಿವೇಶನಗಳಲ್ಲಿ ಅಳತೆ ಹೆಚ್ಚುಕಡಿಮೆ ಇರುವುದುಂಟು.

ಹತ್ತಿರದ ಬೇರೆ ಬಡಾವಣೆಗಳ ಜೊತೆ ಹೋಲಿಸದೆ ಇದನ್ನು ಅಳೆಯಲಾಗದು. ರಾಜರಾಜೇಶ್ವರಿ ನಗರ ನಗರಕ್ಕೆ ಇನ್ನಷ್ಟು ಸಮೀಪ, ಅಂಗಡಿ ಮುಂಗಟ್ಟುಗಳೂ ಹೆಚ್ಚು. ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಪ್ರಾಧಿಕಾರದ್ದೇ ಆದ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯಲ್ಲಿ ರಸ್ತೆಗಳು ವಿಶಾಲವಾಗಿವೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಹಸಿರು ಪಕ್ಕದಲ್ಲಿದೆ, ಆದರೆ ಒಳಭಾಗಗಳಿಂದ ಮೆಟ್ರೊಗೆ ನಡೆದು ಹೋಗಲಾಗದು. ನಾಡಪ್ರಭು ಕೆಂಪೇಗೌಡ ಬಡಾವಣೆ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆಯ ಯೋಜನೆ. ಅಲ್ಲಿ 2016ರಿಂದ ನಿವೇಶನ ಹಂಚಿಕೆಯಾಗಿದ್ದರೂ ರಸ್ತೆ, ನೀರು, ವಿದ್ಯುತ್ತಿಗಾಗಿ ಹಂಚಿಕೆದಾರರು ವರ್ಷಗಟ್ಟಲೆ ಕಾದು ಸ್ಥಿರಾಸ್ತಿ ನಿಯಂತ್ರಕ ಸಂಸ್ಥೆಯಾದ ರೇರಾ ಮೊರೆ ಹೋಗಬೇಕಾಯಿತು. ಹತ್ತು ಹದಿನೈದು ವರ್ಷ ಕಾಯುವ ಶಕ್ತಿಯಿದ್ದು ಹಣ ಹೂಡುವವರಿಗೆ ಅದು ಸರಿಯಿರಬಹುದು. ಈ ಜೂನ್‌ಗೆ ಮಗುವನ್ನು ಶಾಲೆಗೆ ಸೇರಿಸಬೇಕಾದವರಿಗೆ ಸರಿಯಲ್ಲ.

ಹಿರಿಯರಿರುವ ಮನೆಗೆ ಆಸ್ಪತ್ರೆ ಹತ್ತಿರವಿರಬೇಕು. ಉತ್ತರಹಳ್ಳಿ–ಕೆಂಗೇರಿ ರಸ್ತೆಯಲ್ಲಿ ಬಿಜಿಎಸ್ ಗ್ಲೆನೀಗಲ್ಸ್, ಮೈಸೂರು ರಸ್ತೆಯ ಕಂಬೀಪುರದಲ್ಲಿ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಉಪನಗರದ ಉದ್ಯಾನಗಳಲ್ಲಿ ಬೆಳಿಗ್ಗೆ ನಿವೃತ್ತರ ಗುಂಪುಗಳು ತಪ್ಪದೆ ಸೇರುತ್ತವೆ. ನಮ್ಮ ತಂದೆಯವರು ಊರು ಬಿಟ್ಟು ಬಂದ ಮೇಲೆ ಮಾತನಾಡಲು ಜನ ಸಿಕ್ಕಿದ್ದು ಇಲ್ಲಿಯೇ, ಮತ್ತು ಆ ಜನರೆಲ್ಲ ಕನ್ನಡದಲ್ಲೇ ಮಾತನಾಡುವವರು. ಇದು ನಮ್ಮ ಮನೆಯ ಮಟ್ಟಿಗೆ ಬಹಳ ದೊಡ್ಡ ವಿಷಯ. ಕಾಲುದಾರಿಗಳು ಮಾತ್ರ ಅಷ್ಟಕ್ಕಷ್ಟೆ: ಕಲ್ಲುಚಪ್ಪಡಿ ಎದ್ದಿರುವ ಕಡೆ, ಬೈಕು ನಿಲ್ಲಿಸಿದ ಕಡೆ ಹಿರಿಯರು ರಸ್ತೆಗೇ ಇಳಿಯಬೇಕು. ಉಪನಗರದ ದೂರದ ಬ್ಲಾಕುಗಳಿಂದ ಮೆಟ್ರೊ ನಿಲ್ದಾಣಕ್ಕೆ ಬಸ್ಸಿನ ಸೌಕರ್ಯವೂ ಇನ್ನಷ್ಟು ಬೇಕು. ರಾತ್ರಿ ಒಂಬತ್ತರ ಮೇಲೆ ಇಳಿದವರು ಆಟೊದವರು ಕೇಳಿದ್ದನ್ನು ಕೊಡಬೇಕಾಗುತ್ತದೆ. ಮನೆಯಲ್ಲಿ ತಡವಾಗಿ ಬರುವ ಹೆಣ್ಣುಮಕ್ಕಳಿದ್ದರೆ ನಿಲ್ದಾಣದಿಂದ ಬೀದಿದೀಪವಿರುವ ದಾರಿಯಲ್ಲಿ ನಡೆದು ತಲುಪಬಹುದಾದ ಬ್ಲಾಕನ್ನೇ ಆರಿಸಿಕೊಳ್ಳಿ, ಅದಕ್ಕಾಗಿ ಎರಡು ಲಕ್ಷ ಹೆಚ್ಚಾದರೂ ಸರಿಯೆ.

ಹಣದ ಲೆಕ್ಕದಲ್ಲಿ ಅನೇಕರು ಎಡವುವುದು ಸಾಲದ ಕಂತಿನಲ್ಲಲ್ಲ, ಕೈಯಿಂದ ಹಾಕಬೇಕಾದ ಮೊತ್ತದಲ್ಲಿ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಆಸ್ತಿಯ ಮೌಲ್ಯದ ಶೇಕಡಾ 80ರಷ್ಟು ಮಾತ್ರ ಸಾಲ ಸಿಗುತ್ತದೆ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿದ್ದರಿಂದ, ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ 45 ಲಕ್ಷಕ್ಕೆ ಮೇಲ್ಪಟ್ಟ ಆಸ್ತಿಗೆ ಸುಮಾರು ಶೇಕಡಾ 7.6 ತೆರಬೇಕು, ಇದಕ್ಕೆ ಸಾಲವಿಲ್ಲ. 80 ಲಕ್ಷದ ಮನೆಗೆ 16 ಲಕ್ಷ ಕೈಗಂಟು, ಆರು ಲಕ್ಷಕ್ಕೂ ಮಿಕ್ಕಿ ನೋಂದಣಿ ಖರ್ಚು, ಅದರ ಮೇಲೆ ವಕೀಲರ, ಮಧ್ಯವರ್ತಿಯ ಶುಲ್ಕ. ಬ್ಯಾಂಕು ತನ್ನ ಲೆಕ್ಕದಲ್ಲಿ ಮನೆಗೆ ಕಡಿಮೆ ಬೆಲೆ ಕಟ್ಟಿದರೆ ಆ ವ್ಯತ್ಯಾಸವೂ ನಿಮ್ಮದೇ. ಇ-ಖಾತಾ (ಗಣಕೀಕೃತ ಖಾತಾ) ಇಲ್ಲದೆ ಈಗ ನೋಂದಣಿ ಆಗುವುದಿಲ್ಲವಾದ್ದರಿಂದ ಮಾರುವವರ ಹೆಸರಿನಲ್ಲಿ ಅದು ಸಿದ್ಧವಾಗಿದೆಯೇ ಎಂದು ನೋಡಿಕೊಂಡೇ ಮುಂಗಡ ಕೊಡಬೇಕು.

ಉಪನಗರದಲ್ಲಿ ಈಗ ಮಾರಾಟಕ್ಕೆ ಬರುವವು ಹೆಚ್ಚಾಗಿ ಹಳೆಯ ಒಂದಂತಸ್ತಿನ ಮನೆಗಳು. ಮಕ್ಕಳು ವಿದೇಶದಲ್ಲೋ ಬೇರೆ ಬಡಾವಣೆಯಲ್ಲೋ ನೆಲೆಸಿ, ಹಿರಿಯರು ಮಾರಲು ಒಪ್ಪಿದ ಮನೆಗಳಿವು. ಇಂಥ ಮನೆಗೆ ಮಾರುವವರು ನಿವೇಶನದ ಬೆಲೆಯ ಮೇಲೆ ಕಟ್ಟಡಕ್ಕೂ ಬೆಲೆ ಕೇಳುತ್ತಾರೆ. ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಆಲೋಚನೆ ನಿಮಗಿದ್ದರೆ, ಹಳೆಯ ಪಾಯ ಆ ಭಾರ ತಡೆಯುತ್ತದೆಯೇ ಎಂದು ಎಂಜಿನಿಯರಿಂದ ಮೊದಲೇ ಪರೀಕ್ಷೆ ಮಾಡಿಸಿ. ಪಿಲ್ಲರ್ ಇಲ್ಲದೆ ಗೋಡೆಯ ಮೇಲೇ ತಾರಸಿ ನಿಂತಿರುವ ಮನೆಗಳಲ್ಲಿ ಸಾಮಾನ್ಯವಾಗಿ ಕೆಡವಿಯೇ ಕಟ್ಟಬೇಕಾಗುತ್ತದೆ. ಹಾಗಾದರೆ ಮಾತುಕತೆಯಲ್ಲಿ ಕಟ್ಟಡದ ಬೆಲೆಯನ್ನು ಪೂರ್ತಿ ಬಿಡಿಸಿ, ನಿವೇಶನಕ್ಕಷ್ಟೇ ಬೆಲೆ ಕಟ್ಟುವುದು ನ್ಯಾಯ. ನಾವು ಕೊಂಡ ಮನೆಯವರು ಎಂಜಿನಿಯರ್ ಬರೆದುಕೊಟ್ಟ ಪತ್ರ ಓದಿದ ಮೇಲೆ ಅದಕ್ಕೆ ಒಪ್ಪಿದರು. ಅಂಗಳದ ತೆಂಗಿನ ಮರವನ್ನು ಮಾತ್ರ ಕಡಿಯಬೇಡಿ ಎಂದು ಕೇಳಿಕೊಂಡರು, ಮತ್ತು ನಕ್ಷೆ ಹಾಕಿಸುವಾಗ ಅದನ್ನು ಉಳಿಸಿಕೊಂಡೇ ಹಾಕಿಸಿದೆವು.